ಎಐ ಏಜೆಂಟ್‌ಗೆ ಫ್ರೆಡ್ ದತ್ತಾಂಶ: ಟೂಲ್ ಬರೀ ಅಂಕಿ ಕೊಟ್ಟರೆ ಸಾಕೇ?

ಕಾಲಸರಣಿ

ನಮ್ಮ ಸಂಶೋಧನಾ ತಂಡದ ಎಐ ಏಜೆಂಟ್‌ಗಾಗಿ ಒಂದು ಪುಟ್ಟ ಎಂಸಿಪಿ ಸರ್ವರ್ ಬರೆಯುತ್ತಿದ್ದೇನೆ. ಅಮೆರಿಕದ ಹಣದುಬ್ಬರ ಎಷ್ಟು, ನಿರುದ್ಯೋಗ ಎಷ್ಟು, ಹತ್ತು ವರ್ಷದ ಬಾಂಡ್ ಬಡ್ಡಿ ಎಲ್ಲಿದೆ ಎಂದು ಯಾರಾದರೂ ಕೇಳಿದಾಗ ಏಜೆಂಟ್ ತನ್ನ ನೆನಪಿನಿಂದ ಉತ್ತರ ಹೊಸೆಯಬಾರದು. ಸೇಂಟ್ ಲೂಯಿಸ್ ಫೆಡರಲ್ ರಿಸರ್ವ್ ಬ್ಯಾಂಕಿನ ಫ್ರೆಡ್ ಎಂಬ ಆರ್ಥಿಕ ದತ್ತಾಂಶ ಭಂಡಾರಕ್ಕೆ ಹೋಗಿ ಅಂಕಿ ತರಬೇಕು. ಆ ಭಂಡಾರ 1991ರಿಂದ ಇದೆ. ಈಗ ಅದರಲ್ಲಿ 8 ಲಕ್ಷಕ್ಕೂ ಹೆಚ್ಚು ಸರಣಿಗಳಿವೆ (ಸರಣಿ ಎಂದರೆ ಒಂದು ಅಳತೆಯ ದಿನಾಂಕವಾರು ಮೌಲ್ಯಗಳು). ಎಪಿಐ (ತಂತ್ರಾಂಶಗಳು ದತ್ತಾಂಶ ಕೇಳಿ ಪಡೆಯುವ ದಾರಿ) ಉಚಿತ, ಒಂದು ಕೀಲಿ ಪಡೆದುಕೊಂಡರೆ ಆಯಿತು.

ಎಂಸಿಪಿ ಎಂದರೇನು ಎಂದು ಕೇಳುವವರಿಗೆ: ಭಾಷಾ ಮಾದರಿ ಮತ್ತು ಹೊರಗಿನ ತಂತ್ರಾಂಶ ಪರಸ್ಪರ ಹೇಗೆ ಮಾತಾಡಬೇಕು ಎಂಬುದಕ್ಕೆ 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಪ್ರಕಟಿಸಿದ ಮುಕ್ತ ಮಾನದಂಡ. ಮರುವರ್ಷ ಓಪನ್‌ಎಐ ಕೂಡ ಅದನ್ನು ಒಪ್ಪಿಕೊಂಡಿತು. ಒಳಗೆ ಓಡಾಡುವುದು ಜೇಸನ್-ಆರ್‌ಪಿಸಿ ಸಂದೇಶಗಳು, ಅಷ್ಟೆ.

ನನ್ನ ಸರ್ವರಿನಲ್ಲಿ ಏಜೆಂಟ್ ಕರೆಯಬಹುದಾದದ್ದು ಮೂರು ಟೂಲ್‌ಗಳು. ಒಂದು ಸರಣಿ ಹುಡುಕುತ್ತದೆ, ಇನ್ನೊಂದು ಸರಣಿಯ ವಿವರ ಕೊಡುತ್ತದೆ, ಮೂರನೆಯದು ಮೌಲ್ಯಗಳನ್ನು ತರುತ್ತದೆ. ಮೂರನೆಯದರ ಬಗ್ಗೆ ತಂಡದಲ್ಲಿ ಜಗಳ. ‘ದಿನಾಂಕ, ಮೌಲ್ಯ ಎಂಬ ಎರಡು ಕಾಲಂ ಕೊಡು, ಉಳಿದದ್ದನ್ನು ಮಾದರಿ ನೋಡಿಕೊಳ್ಳುತ್ತದೆ’ ಎನ್ನುವುದು ಒಂದು ಪಕ್ಷ. ಅಷ್ಟು ಸಾಲದು ಎಂದು ನನಗೆ ಅನ್ನಿಸುತ್ತಿದೆ. ಇಂಥದ್ದನ್ನು ಕಟ್ಟಿದವರು, ಬಳಸಿದವರು ಏನು ಹೇಳುತ್ತೀರಿ?

ಎರಡು ಕೋಡು

ನನ್ನ ಪ್ರಕಾರ ಈ ಸರ್ವರೇ ಬೇಡ. ಈಗಿನ ಮಾದರಿಗಳಿಗೆ ಫ್ರೆಡ್ ಎಪಿಐ ಕಂಠಪಾಠವಾಗಿದೆ. ಪೈಥಾನ್ ನಡೆಸಲು ಒಂದು ಸುರಕ್ಷಿತ ಆವರಣ ಕೊಡಿ, ಪರಿಸರ ಚರದಲ್ಲಿ (ಎನ್ವಿರಾನ್ಮೆಂಟ್ ವೇರಿಯಬಲ್) ಕೀಲಿ ಇಡಿ. ತನಗೆ ಬೇಕಾದ ಕೋಡನ್ನು ಅದೇ ಬರೆದುಕೊಳ್ಳುತ್ತದೆ. ಮೂರು ಟೂಲ್ ಬರೆದು, ಅವುಗಳ ವಿವರಣೆಯನ್ನು ಪ್ರತಿ ಸಂವಾದದಲ್ಲೂ ಮಾದರಿಯ ತಲೆಗೆ ತುಂಬಿ, ಟೋಕನ್ (ಮಾದರಿ ಓದುವ ಪಠ್ಯದ ತುಣುಕು, ಬಿಲ್ಲು ಅದರ ಲೆಕ್ಕದಲ್ಲೇ) ಖರ್ಚು ಮಾಡಿ ಏನು ಸಾಧನೆ?

ಹಳೆಯ ಲೆಕ್ಕಿಗ

ಕೋಡು ಬರೆಯಲು ಬರುತ್ತದೆ ಎಂದ ಮಾತ್ರಕ್ಕೆ ಯಾವ ಅಂಕಿ ಬೇಕು ಎಂಬುದು ಗೊತ್ತಿದೆ ಎಂದಾಗುವುದಿಲ್ಲ. ಮೂವತ್ತು ವರ್ಷ ಅರ್ಥಶಾಸ್ತ್ರ ಪಾಠ ಮಾಡಿದವನಾಗಿ ಹೇಳುತ್ತೇನೆ: ವಿದ್ಯಾರ್ಥಿಗಳು ಎಡವುವ ಕಡೆಯೇ ಈ ಏಜೆಂಟ್‌ಗಳೂ ಎಡವುತ್ತವೆ, ಆದರೆ ಹೆಚ್ಚು ಧೈರ್ಯದಿಂದ.

ಒಂದು ಉದಾಹರಣೆ ಸಾಕು. ಫ್ರೆಡ್‌ನಲ್ಲಿ ‘ಜಿಡಿಪಿ’ ಎಂಬ ಹೆಸರಿನ ಸರಣಿಯನ್ನೇ ತೆಗೆದುಕೊಳ್ಳಿ. ತ್ರೈಮಾಸಿಕ ಸರಣಿ, ಮೌಲ್ಯಗಳು ಶತಕೋಟಿ ಡಾಲರ್‌ಗಳಲ್ಲಿ. 2024ರ ಯಾವುದೇ ತ್ರೈಮಾಸಿಕ ನೋಡಿದರೂ ಸುಮಾರು 29,000 ಎಂದು ಕಾಣುತ್ತದೆ, ಅಂದರೆ 29 ಲಕ್ಷ ಕೋಟಿ ಡಾಲರ್. ಇದು ಮೂರು ತಿಂಗಳ ಉತ್ಪಾದನೆಯಲ್ಲ. ಅದೇ ವೇಗದಲ್ಲಿ ಇಡೀ ವರ್ಷ ಸಾಗಿದ್ದರೆ ಎಷ್ಟಾಗುತ್ತಿತ್ತು ಎಂಬ ವಾರ್ಷಿಕ ದರ. ಎರಡು ಕಾಲಂ ಮಾತ್ರ ಕೈಗೆ ಸಿಕ್ಕ ಏಜೆಂಟ್ ‘2024ರ ಒಟ್ಟು ಜಿಡಿಪಿ’ ಎಂದು ಕೇಳಿದಾಗ ನಾಲ್ಕು ತ್ರೈಮಾಸಿಕಗಳನ್ನು ಕೂಡಿಬಿಡುತ್ತದೆ. ಅಮೆರಿಕದ ಅರ್ಥವ್ಯವಸ್ಥೆ ಒಂದೇ ಏಟಿಗೆ ನಾಲ್ಕು ಪಟ್ಟು! ಭಾರತದ ತ್ರೈಮಾಸಿಕ ಜಿಡಿಪಿ ಹಾಗಿಲ್ಲ. ನಮ್ಮಲ್ಲಿ ನಾಲ್ಕನ್ನು ಕೂಡಿದರೇ ವರ್ಷದ್ದು ಬರುತ್ತದೆ. ಎರಡನ್ನೂ ಒಂದೇ ಕೋಷ್ಟಕದಲ್ಲಿಟ್ಟು ಹೋಲಿಸುವ ಏಜೆಂಟ್‌ಗೆ ಯಾರು ಹೇಳಬೇಕು?

ಆದ್ದರಿಂದ ಕಾಲಸರಣಿಯವರೇ, ನಿಮ್ಮ ಅನುಮಾನ ಸರಿಯಾಗಿದೆ. ಅಂಕಿಯ ಜೊತೆಗೆ ಅದರ ಜಾತಕವೂ ಬರಬೇಕು: ಮಾನ ಯಾವುದು, ಋತುಮಾನ ಹೊಂದಾಣಿಕೆ (ಹಬ್ಬ, ಹವಾಮಾನದಿಂದ ಪ್ರತಿ ವರ್ಷ ಆಗುವ ಏರಿಳಿತವನ್ನು ತೆಗೆಯುವುದು) ಆಗಿದೆಯೇ, ವಾರ್ಷಿಕ ದರವೇ, ಯಾವ ದಿನ ಪ್ರಕಟವಾದದ್ದು.

ಎರಡು ಕೋಡು

ಸರ್, ಅದೆಲ್ಲ ಫ್ರೆಡ್ ಎಪಿಐಯಲ್ಲೇ ಇದೆ. ಸರಣಿಯ ವಿವರ ಕೇಳಿದರೆ ಮಾನ, ಆವರ್ತನ, ಹೊಂದಾಣಿಕೆ, ಟಿಪ್ಪಣಿ ಎಲ್ಲವೂ ಬರುತ್ತದೆ. ಏಜೆಂಟ್ ಕೇಳಿಕೊಳ್ಳಬಹುದು.

ಹಳೆಯ ಲೆಕ್ಕಿಗ

ಕೇಳಿಕೊಳ್ಳಬಹುದು. ಕೇಳುತ್ತದೆಯೇ?

ಎಡಿಸನ್ ಕನ್ನಡಿಗ

ನ್ಯೂಜೆರ್ಸಿಯಿಂದ. ಬಾಂಡ್ ಮಾರುಕಟ್ಟೆಯಲ್ಲಿ ಕೆಲಸ. ಲೆಕ್ಕಿಗರ ಪಟ್ಟಿಯ ಕೊನೆಯ ಅಂಶವನ್ನೇ ನಾನು ಮೊದಲಿಗೆ ಇಡುತ್ತೇನೆ: ಯಾವ ದಿನ ಪ್ರಕಟವಾದದ್ದು.

ಅಮೆರಿಕದ ಉದ್ಯೋಗ ಸಂಖ್ಯೆಯನ್ನೇ ನೋಡಿ. 2025ರ ಮೇ ತಿಂಗಳಿನಲ್ಲಿ 1,44,000 ಉದ್ಯೋಗ ಸೇರಿತು ಎಂಬ ಅಂಕಿ ಚಾಲ್ತಿಯಲ್ಲಿತ್ತು, ಜೂನ್‌ಗೆ 1,47,000. ಆಗಸ್ಟ್ 1ರಂದು ಜುಲೈ ವರದಿ ಬಂದಾಗ ಮೇ 19,000ಕ್ಕೆ, ಜೂನ್ 14,000ಕ್ಕೆ ಇಳಿಯಿತು. ಎರಡೂ ಸೇರಿ 2,58,000 ಉದ್ಯೋಗ ಕಾಗದದ ಮೇಲಿಂದ ಮಾಯ. ಅದೇ ದಿನ ಅಧ್ಯಕ್ಷ ಟ್ರಂಪ್ ಕಾರ್ಮಿಕ ಅಂಕಿಅಂಶ ಕಚೇರಿಯ ಆಯುಕ್ತರನ್ನು ವಜಾ ಮಾಡಿದರು. ಪರಿಷ್ಕರಣೆ ಎಂಬುದು ಅಂಕಿಅಂಶ ಸಂಗ್ರಹದ ಮಾಮೂಲಿ ಹಂತ, ತಡವಾಗಿ ಬಂದ ಉತ್ತರಗಳನ್ನು ಸೇರಿಸಿದಾಗ ಆಗುವಂಥದ್ದು. ಆದರೂ ಎಷ್ಟು ಗದ್ದಲವಾಯಿತು ನೋಡಿ.

ಈಗ ಏಜೆಂಟ್‌ಗೆ ಒಂದು ಪ್ರಶ್ನೆ: ‘2025ರ ಜುಲೈ ಕೊನೆಯಲ್ಲಿ ಫೆಡರಲ್ ರಿಸರ್ವ್ ಸಭೆ ಸೇರಿದಾಗ ಉದ್ಯೋಗ ಮಾರುಕಟ್ಟೆ ಹೇಗಿತ್ತು?’ ಇಂದಿನ ಸರಣಿ ತೆಗೆದು ಉತ್ತರಿಸಿದರೆ, ಸಭೆಯಲ್ಲಿ ಕೂತವರಿಗೆ ಅಂದು ಗೊತ್ತೇ ಇಲ್ಲದ ಅಂಕಿಗಳನ್ನು ಅವರ ತಲೆಗೆ ಕಟ್ಟಿದ ಹಾಗಾಗುತ್ತದೆ. ‘ಇಷ್ಟು ದುರ್ಬಲವಾಗಿದ್ದರೂ ಬಡ್ಡಿ ಏಕೆ ಇಳಿಸಲಿಲ್ಲ’ ಎಂದು ಏಜೆಂಟ್ ಪ್ರಬಂಧವನ್ನೇ ಬರೆದುಬಿಡುತ್ತದೆ. ಹಳೆಯ ದತ್ತಾಂಶದ ಮೇಲೆ ವ್ಯಾಪಾರ ತಂತ್ರ ಪರೀಕ್ಷಿಸುವವರಿಗಂತೂ ಇದು ವಿಷ. ನಾಳಿನ ಪತ್ರಿಕೆ ಓದಿ ಇಂದು ಷೇರು ಕೊಂಡವರ ಲಾಭ ಅದು.

ಫ್ರೆಡ್‌ನಲ್ಲಿ ಇದಕ್ಕೆ ಪರಿಹಾರ ಇದೆ, ಹಳೆಯ ಆವೃತ್ತಿಗಳ ಭಂಡಾರ, ಹೆಸರು ಆಲ್‌ಫ್ರೆಡ್. ಎಪಿಐಯಲ್ಲಿ ‘ರಿಯಲ್‌ಟೈಮ್ ಸ್ಟಾರ್ಟ್’, ‘ರಿಯಲ್‌ಟೈಮ್ ಎಂಡ್’ ಎಂಬ ಎರಡು ನಿಯತಾಂಕಗಳು (ದತ್ತಾಂಶ ಕೇಳುವಾಗ ಕೊಡುವ ಆಯ್ಕೆಗಳು). ಎರಡಕ್ಕೂ 2025ರ ಜುಲೈ 30 ಎಂದು ಕೊಟ್ಟರೆ ಆ ದಿನ ಜಗತ್ತಿಗೆ ಗೊತ್ತಿದ್ದ ಅಂಕಿಗಳೇ ಬರುತ್ತವೆ. ಏನೂ ಕೊಡದಿದ್ದರೆ ಇಂದಿನದು. ಯಾರೂ ಕೊಡುವುದಿಲ್ಲ, ಅದೇ ತೊಂದರೆ.

ಧಾರವಾಡದವಳು

ಎಡಿಸನ್ ಅವರು ಹೇಳಿದ್ದಕ್ಕೆ 2008ರ ಕೊನೆಯ ತ್ರೈಮಾಸಿಕವನ್ನು ಸೇರಿಸುತ್ತೇನೆ, ನಮ್ಮ ಸಂಶೋಧನಾ ತರಗತಿಯಲ್ಲಿ ಇದು ಪ್ರತಿ ವರ್ಷದ ಉದಾಹರಣೆ. ಅಮೆರಿಕದ ನೈಜ ಜಿಡಿಪಿ ವಾರ್ಷಿಕ ದರದಲ್ಲಿ 3.8% ಕುಸಿಯಿತು ಎಂದು ಮೊದಲ ಅಂದಾಜು. ಒಂದು ತಿಂಗಳ ಬಳಿಕ ಅದು 6.2% ಆಯಿತು. 2011ರ ಪರಿಷ್ಕರಣೆಯಲ್ಲಿ 8.9%. ಒಂದೇ ತ್ರೈಮಾಸಿಕಕ್ಕೆ ಮೂರು ಕಥೆಗಳು, ಮೂರೂ ಅಧಿಕೃತ.

ನಮ್ಮ ದೇಶದ್ದೂ ಕಡಿಮೆ ಇಲ್ಲ. 2015ರ ಜನವರಿಯಲ್ಲಿ ಆಧಾರ ವರ್ಷ 2004-05ರಿಂದ 2011-12ಕ್ಕೆ ಬದಲಾದಾಗ 2013-14ರ ಬೆಳವಣಿಗೆ 4.7%ರಿಂದ 6.9%ಕ್ಕೆ ಏರಿತು. ಆಗ ಯಾವ ಪತ್ರಿಕೆ ಯಾವ ಅಂಕಿ ಬಳಸಿತು ಎಂಬುದರ ಮೇಲೆ ವಾದಗಳೇ ನಡೆದವು.

ನನ್ನ ಪ್ರಶ್ನೆ ಬೇರೆ. ಇದೇ ಟೂಲ್‌ನಿಂದ ಭಾರತದ ದತ್ತಾಂಶ ತರಬಹುದೇ? ಫ್ರೆಡ್‌ನಲ್ಲಿ ಭಾರತದ ಸರಣಿಗಳೂ ಕಾಣುತ್ತವೆ.

ಕಾಲಸರಣಿ

ಧಾರವಾಡದವರೇ, ರೂಪಾಯಿ–ಡಾಲರ್ ವಿನಿಮಯ ದರದಂಥ ಕೆಲವು ಫ್ರೆಡ್‌ನಲ್ಲಿ ಚೆನ್ನಾಗಿವೆ. ಆದರೆ ಭಾರತದ ಹಲವು ಸರಣಿಗಳು ಬೇರೆ ಸಂಸ್ಥೆಗಳ ಮೂಲಕ ಸುತ್ತಿ ಬಂದವು, ಕೆಲವು ನಡುವೆಯೇ ನಿಂತುಹೋಗಿವೆ. ಏಜೆಂಟ್ ಅಂಥ ಸರಣಿಯ ಕೊನೆಯ ಮೌಲ್ಯ ಎತ್ತಿಕೊಂಡು ‘ಭಾರತದ ಇತ್ತೀಚಿನ ಹಣದುಬ್ಬರ’ ಎಂದು ಘೋಷಿಸುತ್ತದೆ. ‘ಕೊನೆಯ ಮೌಲ್ಯ’ ಮತ್ತು ‘ಇತ್ತೀಚಿನ ಮೌಲ್ಯ’ ಎರಡೂ ಒಂದೇ ಎಂಬ ನಂಬಿಕೆ ಅದಕ್ಕೆ. ಹಾಗಾಗಿ ಕೊನೆಯ ದಿನಾಂಕ ತೀರಾ ಹಳೆಯದಾಗಿದ್ದರೆ ಟೂಲೇ ಮೊದಲ ಸಾಲಿನಲ್ಲಿ ಎಚ್ಚರಿಕೆ ಬರೆಯುವಂತೆ ಮಾಡಿದ್ದೇನೆ.

ಭಾರತಕ್ಕೆ ಮೂಲಕ್ಕೇ ಹೋಗುವುದು ಒಳ್ಳೆಯದು. ಅಂಕಿಅಂಶ ಸಚಿವಾಲಯ 2024ರ ಜೂನ್‌ನಲ್ಲಿ ಇ-ಸಾಂಖ್ಯಿಕಿ ಪೋರ್ಟಲ್ ತಂದಿದೆ. ರಿಸರ್ವ್ ಬ್ಯಾಂಕಿನ ದತ್ತಾಂಶ ಭಂಡಾರ ಡಿಬಿಐಇ ಇದ್ದೇ ಇದೆ.

ಹಳೆಯ ಲೆಕ್ಕಿಗ

ಭಾರತದ ವಿಷಯ ಬಂದಿತಲ್ಲ, ವರ್ಷದ ಗೊಂದಲವನ್ನೂ ಗಮನಿಸಿ. ನಮ್ಮ ‘ಮೊದಲ ತ್ರೈಮಾಸಿಕ’ ಏಪ್ರಿಲ್‌ನಿಂದ ಜೂನ್; ಅಮೆರಿಕದ ಜಿಡಿಪಿ ವರದಿಯಲ್ಲಿ ಜನವರಿಯಿಂದ ಮಾರ್ಚ್. ವಿಶ್ವಬ್ಯಾಂಕ್ ಎಪಿಐಗೆ ಕೀಲಿಯೂ ಬೇಕಿಲ್ಲ, ಬಳಸಲು ಸುಲಭ. ಆದರೆ ಅಲ್ಲಿ ಭಾರತದ ಜಿಡಿಪಿಗೆ 2023 ಎಂದಿದ್ದರೆ ಅದು 2023-24ರ ಹಣಕಾಸು ವರ್ಷ. ಏಜೆಂಟ್‌ಗೆ ಆ ನಾಲ್ಕು ಅಂಕಿಯ ಆಚೆ ಏನೂ ಕಾಣುವುದಿಲ್ಲ.

ಫ್ರೆಡ್‌ನ ದಿನಾಂಕಗಳೂ ಅಷ್ಟೆ. 2024ರ ಮೊದಲ ತ್ರೈಮಾಸಿಕದ ಮೌಲ್ಯ 2024-01-01 ಎಂಬ ದಿನಾಂಕದ ಎದುರು ಕೂತಿರುತ್ತದೆ. ‘ಜನವರಿ 1ರಂದು ಜಿಡಿಪಿ ಇಷ್ಟಿತ್ತು’ ಎಂದು ಬರೆದ ವರದಿಯೊಂದನ್ನು ಒಂದು ಸಂಸ್ಥೆಯವರು ನನ್ನ ಅಭಿಪ್ರಾಯಕ್ಕೆಂದು ಕಳುಹಿಸಿದ್ದರು. ಹೊಸ ವರ್ಷದ ದಿನ ಇಡೀ ಅಮೆರಿಕ ಕೆಲಸ ಮಾಡಿತು ಎಂದುಕೊಳ್ಳಬೇಕು.

ಸುಮ್ಮನೆ ಓದುಗ

ಅಮೆರಿಕದಲ್ಲಿ ಹಣದುಬ್ಬರ 2022ರಲ್ಲಿ ಗರಿಷ್ಠ 9.1% ಮುಟ್ಟಿತ್ತು ಎಂದು ಓದಿದ ನೆನಪು. ನಾನು ಬಳಸುವ ಎಐ ಸಹಾಯಕ ಫ್ರೆಡ್‌ನಿಂದಲೇ ತಂದೆ ಎಂದು 9.0% ಎನ್ನುತ್ತದೆ. ಯಾವುದು ಸರಿ?

ಧಾರವಾಡದವಳು

ಎರಡಕ್ಕೂ ಆಧಾರ ಇದೆ. 2022ರ ಜೂನ್‌ನಲ್ಲಿ ಇದ್ದ, ಜುಲೈನಲ್ಲಿ ಪ್ರಕಟವಾದ ವಾರ್ಷಿಕ ದರ 9.1%. ಹನ್ನೆರಡು ತಿಂಗಳ ದರವನ್ನು ಅಧಿಕೃತವಾಗಿ ಲೆಕ್ಕ ಹಾಕುವುದು ಋತುಮಾನ ಹೊಂದಾಣಿಕೆ ಮಾಡದ ಸೂಚ್ಯಂಕದಿಂದ. ಫ್ರೆಡ್‌ನಲ್ಲಿ ಹುಡುಕಿದರೆ ಮೇಲೆ ಬರುವುದು, ಎಲ್ಲರೂ ಬಳಸುವುದು ಹೊಂದಾಣಿಕೆ ಮಾಡಿದ ಸರಣಿ. ಅದರಿಂದ ಲೆಕ್ಕ ಹಾಕಿದರೆ ಒಂದು ದಶಮಾಂಶ ಆಚೀಚೆ ಆಗುತ್ತದೆ. ಹೊಂದಾಣಿಕೆಯ ಅಂಶಗಳನ್ನು ಪ್ರತಿ ವರ್ಷ ಹಿಂದಿನ ಐದು ವರ್ಷಗಳಿಗೆ ತಿದ್ದುತ್ತಾರೆ ಬೇರೆ. ತಿಂಗಳಿನಿಂದ ತಿಂಗಳಿಗೆ ಹೋಲಿಸಲು ಹೊಂದಾಣಿಕೆ ಮಾಡಿದ್ದು, ವರ್ಷದಿಂದ ವರ್ಷಕ್ಕೆ ಹೋಲಿಸಲು ಮಾಡದ್ದು. ನಿಮ್ಮ ಸಹಾಯಕ ಅಂಕಿ ತಂದದ್ದು ಸುಳ್ಳಲ್ಲ, ಯಾವ ಸರಣಿ ಎಂದು ಹೇಳಲಿಲ್ಲ ಅಷ್ಟೆ.

ಎರಡು ಕೋಡು

ಸರಿ, ಒಂದು ಮೆಟ್ಟಿಲು ಕೆಳಗಿಳಿಯುತ್ತೇನೆ. ಟೂಲ್ ಇರಲಿ. ಆದರೆ ಎಲ್ಲ ಮೌಲ್ಯಗಳನ್ನೂ ಮಾದರಿಯ ಮುಂದೆ ಸುರಿಯಬೇಡಿ. ಹತ್ತು ವರ್ಷದ ಬಾಂಡ್ ಬಡ್ಡಿಯ ದೈನಂದಿನ ಸರಣಿ 1962ರಿಂದ ಇದೆ. ಹದಿನಾರು ಸಾವಿರಕ್ಕೂ ಹೆಚ್ಚು ಸಾಲುಗಳು. ಜೇಸನ್‌ನಲ್ಲಿ ಪ್ರತಿ ಸಾಲಿಗೂ ಆವೃತ್ತಿಯ ಆರಂಭ ದಿನಾಂಕ, ಅಂತ್ಯ ದಿನಾಂಕ ಅಂಟಿಕೊಂಡೇ ಬರುತ್ತವೆ. ಅಷ್ಟನ್ನೂ ಓದಿಸಿ ‘ಸರಾಸರಿ ಎಷ್ಟು’ ಎಂದು ಕೇಳಿದರೆ ಮಾದರಿ ಲೆಕ್ಕ ಮಾಡುವುದಿಲ್ಲ, ಊಹಿಸುತ್ತದೆ. ಊಹೆ ಹತ್ತಿರಹತ್ತಿರ ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ.

ನಾವು ಮಾಡಿಕೊಂಡ ಏರ್ಪಾಡು ಹೀಗಿದೆ. ಟೂಲ್ ಪೂರ್ತಿ ಸರಣಿಯನ್ನು ಒಂದು ಕಡತಕ್ಕೆ ಬರೆಯುತ್ತದೆ. ಮಾದರಿಗೆ ಕೊಡುವುದು ಮೊದಲ ಮತ್ತು ಕೊನೆಯ ಕೆಲವು ಸಾಲು, ಕನಿಷ್ಠ–ಗರಿಷ್ಠ, ಇಲ್ಲದ ಮೌಲ್ಯಗಳ ಸಂಖ್ಯೆ, ಕಡತದ ವಿಳಾಸ. ಲೆಕ್ಕ ಏನಿದ್ದರೂ ಪೈಥಾನ್‌ನಲ್ಲಿ.

ಫ್ರೆಡ್ ತಾನೇ ಮಾಡಿಕೊಡುವ ಲೆಕ್ಕವನ್ನು ಅಲ್ಲೇ ಮಾಡಿಸಿ. ‘ಯೂನಿಟ್ಸ್’ ನಿಯತಾಂಕಕ್ಕೆ ಪಿಸಿ1 ಕೊಟ್ಟರೆ ಹಿಂದಿನ ವರ್ಷಕ್ಕೆ ಹೋಲಿಸಿದ ಶೇಕಡಾ ಬದಲಾವಣೆ, ಪಿಸಿಎಚ್ ಕೊಟ್ಟರೆ ಹಿಂದಿನ ಅವಧಿಗೆ ಹೋಲಿಸಿದ್ದು, ಪಿಸಿಎ ಎಂದರೆ ಚಕ್ರಬಡ್ಡಿ ರೀತಿಯ ವಾರ್ಷಿಕ ದರ. ಈ ಮೂರು ಸಂಕೇತಗಳನ್ನು ಮಾದರಿ ಆಗಾಗ ಅದಲುಬದಲು ಮಾಡುವುದರಿಂದ ನಮ್ಮ ಟೂಲ್‌ನಲ್ಲಿ ಅವುಗಳ ಬದಲಿಗೆ ಪೂರ್ಣ ಹೆಸರುಗಳನ್ನೇ ಇಟ್ಟಿದ್ದೇವೆ. ದೈನಂದಿನದನ್ನು ಮಾಸಿಕ ಮಾಡುವಾಗ ಸರಾಸರಿಯೋ, ತಿಂಗಳ ಕೊನೆಯ ದಿನದ್ದೋ ಎಂಬುದನ್ನೂ ಮಾದರಿ ಕಡ್ಡಾಯವಾಗಿ ಹೇಳಬೇಕು. ನಾವು ಅದಕ್ಕೆ ಪೂರ್ವನಿಯೋಜಿತ ಆಯ್ಕೆ ಇಟ್ಟಿಲ್ಲ.

ಎಡಿಸನ್ ಕನ್ನಡಿಗ

ಇಲ್ಲದ ಮೌಲ್ಯ ಎಂದಿರಿ, ಅದು ದೊಡ್ಡ ಅಧ್ಯಾಯ. ಫ್ರೆಡ್ ಎಪಿಐಯಲ್ಲಿ ಮೌಲ್ಯಗಳೆಲ್ಲ ಪಠ್ಯವಾಗಿ ಬರುತ್ತವೆ, ಇಲ್ಲದ್ದರ ಜಾಗದಲ್ಲಿ ಒಂದು ಚುಕ್ಕೆ. ರಜಾ ದಿನದ ಬಾಂಡ್ ಬಡ್ಡಿ ಚುಕ್ಕೆಯಾದರೆ ಚಿಂತೆ ಇಲ್ಲ. ಆದರೆ 2025ರ ಅಕ್ಟೋಬರ್ ನೆನಪಿದೆಯಲ್ಲ? ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ ಅಮೆರಿಕದ ಸರ್ಕಾರಿ ಕಚೇರಿಗಳು ಮುಚ್ಚಿದ್ದವು. ಬೆಲೆ ಸಂಗ್ರಹಿಸಲು ಹೋಗುವವರಿಲ್ಲ, ಮನೆಮನೆ ಸಮೀಕ್ಷೆ ಇಲ್ಲ. ಅಕ್ಟೋಬರ್ ತಿಂಗಳ ಗ್ರಾಹಕ ಬೆಲೆ ವರದಿ ರದ್ದಾಯಿತು. ನಿರುದ್ಯೋಗ ದರವೂ ಆ ತಿಂಗಳಿಗೆ ಇಲ್ಲವೇ ಇಲ್ಲ. 1948ರಿಂದ ಎಡೆಬಿಡದೆ ಬಂದಿದ್ದ ಸರಣಿಯಲ್ಲಿ ಮೊದಲ ತೂತು.

ಈಗ ನಿಮ್ಮ ಕೋಡು ಇಲ್ಲದ ಸಾಲುಗಳನ್ನು ಸುಮ್ಮನೆ ಅಳಿಸುತ್ತದೆ ಎಂದುಕೊಳ್ಳಿ. ನವೆಂಬರ್‌ನ ಸೂಚ್ಯಂಕ ಸೆಪ್ಟೆಂಬರ್ ಪಕ್ಕಕ್ಕೆ ಬಂದು ನಿಲ್ಲುತ್ತದೆ, ಎರಡು ತಿಂಗಳ ಬೆಲೆ ಏರಿಕೆ ಒಂದೇ ತಿಂಗಳದ್ದಾಗುತ್ತದೆ. ಅಂಕಿಅಂಶ ಕಚೇರಿಯೇ ನವೆಂಬರ್ ವರದಿಯಲ್ಲಿ ಒಂದು ತಿಂಗಳ ಬದಲಾವಣೆ ಕೊಡದೆ, ಸೆಪ್ಟೆಂಬರ್‌ನಿಂದ ಎರಡು ತಿಂಗಳಲ್ಲಿ 0.2% ಎಂದು ಹೇಳಿತು. ಅಷ್ಟು ಮರ್ಯಾದೆ ನಮ್ಮ ಏಜೆಂಟ್‌ಗೂ ಇರಲಿ.

ಹಳೆಯ ಲೆಕ್ಕಿಗ

2020ರ ಏಪ್ರಿಲ್, ಮೇ ತಿಂಗಳಿಗೆ ನಮ್ಮಲ್ಲೂ ಹೀಗೇ ಆಯಿತು. ಲಾಕ್‌ಡೌನ್‌ನಲ್ಲಿ ಬೆಲೆ ಸಂಗ್ರಹ ನಿಂತು, ಗ್ರಾಹಕ ಬೆಲೆ ಸೂಚ್ಯಂಕಕ್ಕೆ ಅಂದಾಜಿನಿಂದ ತುಂಬಿದ ಮೌಲ್ಯಗಳನ್ನು ಕೊಟ್ಟರು. ಅಲ್ಲಿ ಚುಕ್ಕೆಯೂ ಕಾಣುವುದಿಲ್ಲ, ನೋಡಲು ಎಲ್ಲ ತಿಂಗಳುಗಳ ಹಾಗೆಯೇ ಇರುತ್ತದೆ. ಟಿಪ್ಪಣಿ ಓದಿದವರಿಗೆ ಮಾತ್ರ ಗೊತ್ತು.

ಟಿಪ್ಪಣಿಯ ಮಹತ್ವಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಅಮೆರಿಕದ ಎಂ1 ಹಣ ಪೂರೈಕೆ (ನಗದು ಮತ್ತು ಸುಲಭವಾಗಿ ತೆಗೆಯಬಹುದಾದ ಠೇವಣಿಗಳ ಮೊತ್ತ). 2020ರ ಏಪ್ರಿಲ್‌ನಲ್ಲಿ 5 ಲಕ್ಷ ಕೋಟಿ ಡಾಲರ್‌ಗಿಂತ ಕಡಿಮೆ, ಮೇನಲ್ಲಿ 16 ಲಕ್ಷ ಕೋಟಿ. ಅಷ್ಟು ನೋಟು ಯಾರೂ ಮುದ್ರಿಸಲಿಲ್ಲ. ಉಳಿತಾಯ ಖಾತೆಗಳಿಂದ ಹಣ ತೆಗೆಯುವುದಕ್ಕಿದ್ದ ಮಿತಿಯನ್ನು ಫೆಡರಲ್ ರಿಸರ್ವ್ ಸಡಿಲಿಸಿತು. ಹಾಗಾಗಿ ಆ ಠೇವಣಿಗಳನ್ನೂ 2020ರ ಮೇ ತಿಂಗಳಿನಿಂದ ಎಂ1 ಒಳಗೆ ಎಣಿಸಲು ತೊಡಗಿತು. ವ್ಯಾಖ್ಯೆ ಬದಲಾಯಿತು, ಅಷ್ಟೆ. ಆ ರೇಖಾಚಿತ್ರ ಹಿಡಿದು ಪ್ರಳಯ ಸಾರಿದ ಮನುಷ್ಯರೇ ಬೇಕಾದಷ್ಟು ಮಂದಿ ಇದ್ದಾರೆ. ಟಿಪ್ಪಣಿ ಇಲ್ಲದೆ ಆ ಸರಣಿಯನ್ನು ಏಜೆಂಟ್‌ಗೆ ಕೊಟ್ಟರೆ ಸಾರುವವರ ಸಾಲಿಗೆ ಇನ್ನೊಬ್ಬ.

ಎರಡು ಕೋಡು

ಟಿಪ್ಪಣಿಗಳು ಕೆಲವು ಸರಣಿಗಳಲ್ಲಿ ಎರಡು ಪುಟದಷ್ಟಿವೆ ಸರ್. ಪ್ರತಿ ಸಲ ಕಳುಹಿಸಿದರೆ ಟೋಕನ್ ಬಿಲ್ಲು ಕಟ್ಟುವವರು ಯಾರು?

ಹಳೆಯ ಲೆಕ್ಕಿಗ

ತಪ್ಪು ವರದಿಯ ಬಿಲ್ಲು ಕಟ್ಟುವವರೇ.

ಕಾಲಸರಣಿ

ಇಬ್ಬರ ಮಾತನ್ನೂ ಇಟ್ಟುಕೊಂಡು ಈಗ ಹೀಗೆ ಬದಲಿಸಿದ್ದೇನೆ. ಮೌಲ್ಯ ತರುವ ಟೂಲ್ ಬಾಯಿ ಬಿಡುವ ಮೊದಲು ಸರಣಿಯ ವಿವರವನ್ನು ತಾನೇ ತಂದುಕೊಳ್ಳುತ್ತದೆ. ಏಜೆಂಟ್ ಕೇಳಲಿ ಬಿಡಲಿ, ಮಾನ, ಆವರ್ತನ, ಹೊಂದಾಣಿಕೆ, ಕೊನೆಯ ನವೀಕರಣ, ಯಾವ ದಿನದ ಆವೃತ್ತಿ ಎಂಬ ಐದು ಸಾಲು ಉತ್ತರದ ತಲೆಯಲ್ಲಿ ಬಂದೇ ಬರುತ್ತವೆ. ‘ಯಾವ ದಿನದ ಆವೃತ್ತಿ’ ಎಂಬುದು ಕಡ್ಡಾಯ ನಿಯತಾಂಕ. ‘ಇಂದು’ ಎಂದಾದರೂ ಏಜೆಂಟ್ ಬರೆಯಲೇಬೇಕು. ಟಿಪ್ಪಣಿಯ ಮೊದಲ ಭಾಗ ಮಾತ್ರ ಉತ್ತರದೊಂದಿಗೆ, ಪೂರ್ತಿ ಬೇಕಿದ್ದರೆ ಎರಡನೆಯ ಟೂಲ್. ಆದರೆ ಒಂದು ಅವಧಿಯಿಂದ ಮುಂದಿನದಕ್ಕೆ ಮೌಲ್ಯ ಅಸಹಜವಾಗಿ ಜಿಗಿದಿದ್ದರೆ ಪೂರ್ತಿ ಟಿಪ್ಪಣಿ ತಾನಾಗಿಯೇ ಬರುತ್ತದೆ. ಎಂ1 ಆ ಬಲೆಗೆ ಬೀಳುತ್ತದೆ. ಆಧಾರ ವರ್ಷದ ಬದಲಾವಣೆಗಳೂ ಬೀಳಬಹುದು. ಮೆಲ್ಲಗೆ ಬದಲಾದ ವ್ಯಾಖ್ಯೆಗಳು ಬೀಳುವುದಿಲ್ಲ, ಅದಕ್ಕೆ ನನ್ನ ಬಳಿ ಉಪಾಯವಿಲ್ಲ.

ಹುಡುಕುವ ಟೂಲ್‌ಗೂ ಒಂದು ತಿದ್ದುಪಡಿ. ‘ನಿರುದ್ಯೋಗ ದರ’ ಎಂದು ಹುಡುಕಿದರೆ ಅಮೆರಿಕದ ರಾಜ್ಯಗಳು, ಕೌಂಟಿಗಳು ಎಲ್ಲ ಸಾವಿರಗಟ್ಟಲೆ ನುಗ್ಗಿಬರುತ್ತವೆ. ಜನಪ್ರಿಯತೆಯ ಪ್ರಕಾರ ಜೋಡಿಸಿ, ಮೇಲಿನ ಹತ್ತನ್ನು ಮಾತ್ರ, ಪ್ರತಿಯೊಂದಕ್ಕೂ ಮಾನ ಮತ್ತು ಕೊನೆಯ ದಿನಾಂಕದೊಂದಿಗೆ ಕೊಡುತ್ತಿದ್ದೇನೆ.

ಧಾರವಾಡದವಳು

ಕೀಲಿಯ ಬಗ್ಗೆ ಯಾರೂ ಹೇಳಲಿಲ್ಲ. ಫ್ರೆಡ್‌ನಲ್ಲಿ ಕೀಲಿಯನ್ನು ವಿಳಾಸದ ಭಾಗವಾಗಿಯೇ ಕಳುಹಿಸುವುದು ರೂಢಿ. ದೋಷ ಬಂದಾಗ ಇಡೀ ವಿಳಾಸವನ್ನು ಏಜೆಂಟ್‌ಗೆ ಮರಳಿಸುವ ಸರ್ವರ್‌ಗಳನ್ನು ನೋಡಿದ್ದೇನೆ. ಕೀಲಿ ನೇರವಾಗಿ ಸಂವಾದದೊಳಗೆ, ಅಲ್ಲಿಂದ ಲಾಗ್‌ಗೆ. ದೋಷ ಸಂದೇಶದಿಂದ ಅದನ್ನು ಅಳಿಸಿ.

ಎಡಿಸನ್ ಕನ್ನಡಿಗ

ಬಳಕೆಯ ಷರತ್ತುಗಳನ್ನೂ ಓದಿಕೊಳ್ಳಿ. ಫ್ರೆಡ್‌ನಲ್ಲಿರುವ ಎಲ್ಲವೂ ಸರ್ಕಾರದ ಸ್ವತ್ತಲ್ಲ. ಎಸ್ ಆಂಡ್ ಪಿ 500 ಸೂಚ್ಯಂಕ ಹತ್ತು ವರ್ಷದ್ದು ಮಾತ್ರ ಸಿಗುವುದು ಅದರ ಹಕ್ಕು ಬೇರೆಯವರದ್ದಾಗಿರುವುದರಿಂದ. ಬ್ಯಾಂಕುಗಳ ನಡುವಿನ ಸಾಲದ ಬಡ್ಡಿ ದರವಾದ ಲೈಬೋರ್ ಸರಣಿಗಳನ್ನು 2022ರ ಜನವರಿ ಕೊನೆಯಲ್ಲಿ ತೆಗೆದೇ ಹಾಕಿದರು; ಹಳೆಯ ಕೋಡು ನೋಡಿ ಕಲಿತ ಮಾದರಿಗಳು ಇವತ್ತಿಗೂ ಅವನ್ನು ಹುಡುಕಿಕೊಂಡು ಹೋಗುತ್ತವೆ. ಎಪಿಐ ಬಳಸುವ ಉತ್ಪನ್ನದಲ್ಲಿ ‘ಇದಕ್ಕೆ ಸೇಂಟ್ ಲೂಯಿಸ್ ಬ್ಯಾಂಕಿನ ಅನುಮೋದನೆಯಾಗಲಿ ಪ್ರಮಾಣೀಕರಣವಾಗಲಿ ಇಲ್ಲ’ ಎಂಬ ಸೂಚನೆ ಕಾಣುವಂತೆ ಇರಬೇಕು. ಕಡತಕ್ಕೆ ಬರೆದು ಇಟ್ಟುಕೊಳ್ಳುವ ಎರಡು ಕೋಡು ಅವರ ಏರ್ಪಾಡು ಷರತ್ತಿನೊಳಗೆ ಎಷ್ಟರಮಟ್ಟಿಗೆ ಕೂರುತ್ತದೆ ಎಂದು ಅವರ ಕಾನೂನು ವಿಭಾಗವನ್ನು ಕೇಳುವುದು ಒಳ್ಳೆಯದು.

ಎರಡು ಕೋಡು

ಕೆಲಸ ಮುಗಿದ ಕೂಡಲೇ ಕಡತ ಅಳಿಯುತ್ತದೆ. ಆದರೂ ಕೇಳುತ್ತೇನೆ.

ಸುಮ್ಮನೆ ಓದುಗ

ಮುಂದಿನ ಹಣದುಬ್ಬರ ವರದಿ ಯಾವಾಗ ಬರುತ್ತದೆ ಎಂದು ಈ ಟೂಲ್ ಹೇಳಬಲ್ಲುದೇ? ನನಗೆ ಬೇಕಿರುವುದು ಅದೊಂದೇ.

ಕಾಲಸರಣಿ

ಸದ್ಯಕ್ಕೆ ಇಲ್ಲ, ಸೇರಿಸಬಹುದು. ಫ್ರೆಡ್‌ನಲ್ಲಿ ಪ್ರತಿ ಸರಣಿಯೂ ಒಂದು ‘ರಿಲೀಸ್’ಗೆ ಸೇರಿರುತ್ತದೆ, ರಿಲೀಸ್‌ಗಳ ದಿನಾಂಕಗಳಿಗೆ ಬೇರೆ ಕರೆ ಇದೆ. ಇನ್ನೂ ದತ್ತಾಂಶ ಬಾರದ ದಿನಾಂಕಗಳನ್ನೂ ತೋರಿಸು ಎಂಬ ನಿಯತಾಂಕ ಕೊಟ್ಟರೆ ಮುಂದಿನವೂ ಸಿಗುತ್ತವೆ. ಈ ವಾರಾಂತ್ಯ ನಾಲ್ಕನೆಯ ಟೂಲ್ ಆಗಿ ಹಾಕುತ್ತೇನೆ.

ಎರಡು ಕೋಡು

ನಾಲ್ಕನೆಯದೇ? ನಾನು ಮೂರೇ ಹೆಚ್ಚು ಎಂದಿದ್ದೆ.